ಕೊಳದ ಒಳಮೈ

ಈಜು ಬಾರದವನು ಮಾತ್ರವೇ ಈಜುಕೊಳದ ವಿಷಯದಲ್ಲಿ ನಿಷ್ಪಕ್ಷಪಾತಿಯಾಗಿರಬಲ್ಲನೆಂಬ ಅಪೂರ್ವ ತರ್ಕವನ್ನು ಮುಂದಿಟ್ಟು, ನಮ್ಮ ಅಪಾರ್ಟ್‌ಮೆಂಟಿನ ಸಂಘದವರು, ಹಳೆಯ ಗಿಲಾವು ಎದ್ದುಹೋಗಿ ಅಂಗಾಲುಗಳನ್ನು ತರಚತೊಡಗಿದ್ದ ಕೊಳಕ್ಕೆ ಹೊಸದೊಂದು ಒಳಮೈಯನ್ನು ಆರಿಸುವ ಉಪಸಮಿತಿಗೆ ನನ್ನನ್ನು ಅಧ್ಯಕ್ಷನನ್ನಾಗಿ ಮಾಡಿದರು. ಉಳಿದ ಸದಸ್ಯರ ಅರ್ಹತೆಯೂ ಇದಕ್ಕಿಂತ ಭಿನ್ನವಾಗಿರಲಿಲ್ಲ. ಒಬ್ಬರು ನಿವೃತ್ತ ಇತಿಹಾಸ ಪ್ರಾಧ್ಯಾಪಕರು. ಜಲದೊಡನೆ ಅವರ ಸಂಬಂಧವು ಆಚಮನದ ಉದ್ಧರಣೆಯನ್ನು ದಾಟಿ ಹೋದುದಲ್ಲ. ಇನ್ನೊಬ್ಬರು ಏಳನೆಯ ಅಂತಸ್ತಿನ ಗೃಹಿಣಿ. ಬಾಲ್ಕನಿಯಿಂದ ಕೊಳ ಕಾಣುವುದೆಂಬ ಒಂದೇ ಕಾರಣಕ್ಕೆ ಹೆಚ್ಚಿನ ಬೆಲೆ ತೆತ್ತು ಮನೆ ಕೊಂಡವರು. ಮೂರನೆಯವರು ಖಜಾಂಚಿ. ನಿತ್ಯವೂ ಮುಂಜಾನೆ ನೀರಿಗಿಳಿಯುವ ಐದಾರು ಮಂದಿಯನ್ನು ಯಾರೂ ಕೇಳಲಿಲ್ಲ. ಅವರಿಗೆ ಇದರಲ್ಲಿ ಸ್ವಾರ್ಥವಿತ್ತು.

ಗುತ್ತಿಗೆದಾರನು ಒಂದು ಭಾನುವಾರ ಮಾದರಿಗಳ ಪೆಟ್ಟಿಗೆಯನ್ನು ತಂದು, ಮದುವೆಯ ಮನೆಯವರ ಮುಂದೆ ಸೀರೆಗಳನ್ನು ಹರಡುವ ಅಂಗಡಿಯವನ ವಿನಯದಿಂದ ಅವನ್ನೆಲ್ಲ ಮೇಜಿನ ಮೇಲೆ ಹರಡಿದನು: ಬಿಳಿ ಸಿಮೆಂಟಿಗೆ ಅಮೃತಶಿಲೆಯ ಪುಡಿ ಬೆರೆಸಿದ ಗಿಲಾವು, ಅದಕ್ಕೇ ಬೆಣಚುಕಲ್ಲಿನ ಹರಳು ಸೇರಿಸಿದ, ತುಸು ಗಟ್ಟಿಯೂ ತುಸು ದುಬಾರಿಯೂ ಆದ ಇನ್ನೊಂದು, ಸಣ್ಣ ಹೊಳೆಗಲ್ಲುಗಳನ್ನು ಸಿಮೆಂಟಿನಲ್ಲಿ ಕೂರಿಸಿ, ಮೇಲ್ಪದರವನ್ನು ತೊಳೆದು, ಕಲ್ಲಿನ ನೆತ್ತಿಗಳನ್ನು ಮಾತ್ರ ಹೊರಗಾಣಿಸಿದ ಮತ್ತೊಂದು, ಎಪಾಕ್ಸಿ ಬಣ್ಣ, ಕಡೆಯದಾಗಿ, ಎರಡು ಸೆಂಟಿಮೀಟರ್ ಚೌಕದ ಗಾಜಿನ ಬಿಲ್ಲೆಗಳ ಮೊಸಾಯಿಕ್. ಬಣ್ಣವನ್ನು ನಾವು ಒಂದೇ ಉಸಿರಿಗೆ ತಳ್ಳಿಹಾಕಿದೆವು, ಏಕೆಂದರೆ ಅದು ಎಲ್ಲಕ್ಕಿಂತ ಅಗ್ಗವಾಗಿತ್ತು. ಬಿಸಿಲಿಗೂ ಕ್ಲೋರಿನ್ನಿಗೂ ಸೋತು ಕೆಲವೇ ವರ್ಷಗಳಲ್ಲಿ ಅದು ಪುಡಿಪುಡಿಯಾಗಿ ಉದುರುತ್ತದೆಂಬ ಸಕಾರಣವು ನಮಗೆ ಒದಗಿದ್ದು ಅನಂತರ.

ಬಣ್ಣ ಹೋದ ಮೇಲೆ ಅಗ್ಗದ ಪಟ್ಟವು ಗಿಲಾವಿಗೆ ಬಂದುದರಿಂದ ಖಜಾಂಚಿಯವರು ಅದರ ಪಕ್ಷವನ್ನು ವಹಿಸಿದರು. ಗುತ್ತಿಗೆದಾರನು ಪ್ರಾಮಾಣಿಕನಾಗಿದ್ದುದೇ ಅವರಿಗೆ ಅಡ್ಡಿಯಾಯಿತು. “ಗಿಲಾವು ಹಾಕಿದ ಮೇಲೆ ತಡ ಮಾಡದೆ ನೀರು ಬಿಡಬೇಕು ಸಾರ್. ಬಿಟ್ಟ ಮೇಲೆ ತುಂಬೋವರೆಗೂ ನಿಲ್ಲಿಸೋ ಹಾಗಿಲ್ಲ. ನಿಲ್ಲಿಸಿದರೆ ನಿಂತ ಕಡೆ ಸುತ್ತಲೂ ಗೆರೆ ಬೀಳುತ್ತೆ, ಆಮೇಲೆ ಏನು ಮಾಡಿದರೂ ಹೋಗಲ್ಲ” ಎಂದನು. ನಮ್ಮ ಕೊಳವು 12 ಮೀಟರ್ ಉದ್ದ, 6 ಮೀಟರ್ ಅಗಲ. ಸರಾಸರಿ ಆಳ 1.2 ಮೀಟರ್, ಹಿಡಿಯುವುದು 86,000 ಲೀಟರಿಗೂ ಹೆಚ್ಚು ನೀರು. 12,000 ಲೀಟರಿನ ಟ್ಯಾಂಕರುಗಳು ಏಳು ಬಂದು ಸುರಿದರೂ ಇನ್ನೂ ತುಸು ಬಾಕಿ. ಬೆಂಗಳೂರಿನಲ್ಲಿ ಏಳು ಟ್ಯಾಂಕರುಗಳು ಒಂದರ ಬೆನ್ನಿಗೊಂದು, ಹೇಳಿದ ಹೊತ್ತಿಗೆ ಬಂದು ನಿಲ್ಲುವ ದೃಶ್ಯವನ್ನು ಕಲ್ಪಿಸಬಲ್ಲ ಪ್ರತಿಭೆಯು ಮಹಾಕವಿಗಳಿಗೂ ದುರ್ಲಭವಷ್ಟೆ. ಮೇಲಾಗಿ 2024ರ ಮಾರ್ಚಿನ ಬರದಲ್ಲಿ ಜಲಮಂಡಲಿಯು, ಈಜುಕೊಳಕ್ಕೆ ಕುಡಿಯುವ ನೀರು ಬಳಸಿದವರಿಗೆ 5,000 ರೂಪಾಯಿ ದಂಡವೆಂದು ಸಾರಿದಂದಿನಿಂದ, ಕೊಳ ತುಂಬಿಸುವ ಮಾತನ್ನು ನಾವು ಮುಚ್ಚಿದ ಕೋಣೆಯ ಸಭೆಯಲ್ಲಿಯೂ ತಗ್ಗಿದ ದನಿಯಲ್ಲೇ ಆಡುವವರಾಗಿದ್ದೇವೆ. “ಏಳು ಗೆರೆ ಬಿದ್ದರೆ ಬೀಳಲಿ ಬಿಡಿ, ಮಕ್ಕಳಿಗೆ ಆಳ ತಿಳಿಯೋದಕ್ಕೆ ಅನುಕೂಲ” ಎಂದು ಖಜಾಂಚಿಯವರು ಕಡೆಯ ಬಾಣವನ್ನು ಬಿಟ್ಟರು. ಆದರೆ ಹೊಸ ಗಿಲಾವು ನೀರಿಗೆ ಸುಣ್ಣವನ್ನು ಬಿಡುತ್ತ ಅದರ ಪಿಹೆಚ್ ಅನ್ನು 7.8ರ ಮೇರೆಯಾಚೆಗೆ ಏರಿಸುತ್ತಿರುವುದೆಂದೂ, ಅದಕ್ಕೆ ಆಮ್ಲ ಹಾಕಿ ಇಳಿಸುತ್ತ, ಗೋಡೆಗಳನ್ನು ದಿನವೂ ಬ್ರಷ್ಷಿನಿಂದ ಉಜ್ಜುತ್ತ ವಾರಗಟ್ಟಲೆ ಶುಶ್ರೂಷೆ ಮಾಡಬೇಕೆಂದೂ, ಅಷ್ಟಾದರೂ ಬೋರ್‌ವೆಲ್ಲಿನ ಗಡಸು ನೀರು ಅದರ ಮೇಲೆ ತನ್ನ ಸುಣ್ಣವನ್ನು ಹೇರುವುದೆಂದೂ, ಸುಣ್ಣ ಸಾಲದ ನೀರಾದರೋ ತನಗೆ ಬರಬೇಕಾದುದನ್ನು ಗೋಡೆಯಿಂದಲೇ ವಸೂಲು ಮಾಡಿಕೊಳ್ಳುವುದೆಂದೂ ಕೇಳಿದ ಮೇಲೆ, ಎರಡೂ ಕಡೆಯ ಲೆಕ್ಕದಲ್ಲಿ ನಷ್ಟವೇ ಕಂಡ ಆ ಸಜ್ಜನರು ಮೌನವನ್ನು ಆಶ್ರಯಿಸಿದರು.

ಆ ಮೌನದೊಳಕ್ಕೆ ಪ್ರಾಧ್ಯಾಪಕರು ಪ್ರವೇಶ ಮಾಡಿದರು. ಮೊಹೆಂಜೊದಾರೊದ ಮಹಾಸ್ನಾನಗೃಹದ ಕೊಳವು 12 ಮೀಟರ್ ಉದ್ದ, 7 ಮೀಟರ್ ಅಗಲವಿದ್ದು ಹೆಚ್ಚುಕಡಮೆ ನಮ್ಮದರಷ್ಟೇ ಇತ್ತೆಂದೂ, ಆ ಜನರು ಇಟ್ಟಿಗೆಗಳನ್ನು ಜಿಪ್ಸಮ್ಮಿನ ಗಾರೆಯಲ್ಲಿ ಒತ್ತಾಗಿ ಕೂರಿಸಿ, ನೀರು ಸೋರದಂತೆ ಹಿಂದೆ ರಾಳದಂಥ ಬಿಟುಮೆನ್ನಿನ ಪದರವನ್ನು ಕೊಟ್ಟು, ಬಣ್ಣದ ಚರ್ಚೆಯೇ ಇಲ್ಲದೆ ಕೆಲಸ ಮುಗಿಸಿದರೆಂದೂ ವಿವರಿಸಿದರು. ಚರ್ಚೆಯಾಯಿತೋ ಇಲ್ಲವೋ ಬಲ್ಲವರಾರು? ಅವರ ಲಿಪಿಯನ್ನು ಇನ್ನೂ ಯಾರೂ ಓದಿಲ್ಲ. ಆ ಲಿಪಿಯ ಮುದ್ರೆಗಳಲ್ಲಿ ಅರ್ಧದಷ್ಟು ಉಪಸಮಿತಿಯ ನಡವಳಿಗಳಾಗಿದ್ದರೂ ನನಗೆ ಆಶ್ಚರ್ಯವಿಲ್ಲ. ಅಲ್ಲಿಂದ ಪ್ರಾಧ್ಯಾಪಕರು ಹಂಪೆಗೆ ಬಂದು, ಯಾವ ಕಲ್ಲು ಯಾವ ಸಾಲಿಗೆ, ಯಾವ ದಿಕ್ಕಿಗೆ ಎಂಬ ಗುರುತನ್ನು ಕಲ್ಲಿನ ಮೇಲೆಯೇ ಕೊರೆದು ಜೋಡಿಸಿದ ಆ ಮೆಟ್ಟಿಲು ಪುಷ್ಕರಿಣಿಯಂತೆ ನಮ್ಮದೂ ಕರಿಯ ಶಿಲೆಯದಾಗಲೆಂದು ಸೂಚಿಸಿದರು. ರಾಜಧಾನಿಯೊಂದರ ಬೊಕ್ಕಸವು ಹಿಂದೆ ನಿಂತಿದ್ದಿದ್ದರೆ ನಾನು ಅನುಮೋದಿಸುತ್ತಿದ್ದೆನು.

ಗೃಹಿಣಿಗೆ ಬೇಕಾದುದು ನೀಲಿ. ಅದೂ ಮಾಲ್ಡೀವ್ಸಿನಲ್ಲಿ ಕಂಡ ನೀಲಿ. ಇದನ್ನು ನಿರ್ಧರಿಸಲು ನಾವು ಬಿಲ್ಲೆಗಳ ಹಾಳೆಯಿಂದ ತುಂಡುಗಳನ್ನು ಮುರಿದು ಪ್ಲಾಸ್ಟಿಕ್ಕಿನ ಬಕೆಟ್ಟೊಂದರಲ್ಲಿ ಮುಳುಗಿಸಿ, ನಾಲ್ವರೂ ಬಗ್ಗಿ ನೋಡಿದೆವು. ತುಸು ಹೊಳಪು ಬಂದುದನ್ನು ಬಿಟ್ಟರೆ ಬಿಳಿಯದು ಬಿಳಿಯದಾಗಿಯೂ ನಸುನೀಲಿಯದು ನಸುನೀಲಿಯಾಗಿಯೂ ಉಳಿದವು. ನೀರು ಬೆಳಕಿನ ಕೆಂಪನ್ನು ಕೊಂಚಕೊಂಚವಾಗಿ ಹೀರಿಕೊಂಡು ನೀಲಿಯನ್ನು ಉಳಿಸುತ್ತದೆಯಾದರೂ, ಆ ವ್ಯವಹಾರಕ್ಕೆ ಬಕೆಟ್ಟಿನ ಆಳ ಸಾಲದು. ಅದೇ ಬಿಳಿಯ ತಳವು ಆಳದ ಕೊಳದಲ್ಲಿ ತಾನಾಗಿ ತಿಳಿನೀಲಿಯಾಗುತ್ತದೆ, ಕಡುನೀಲಿಯ ತಳವು ಮಸಿಯ ಬಳಿಗೆ ಸರಿಯುತ್ತದೆ. ಸಮುದ್ರದ ನೀಲಿಯು ಬರಿಯ ಆಕಾಶದ ಪ್ರತಿಬಿಂಬವಲ್ಲವೆಂದು 1921ರ ಹಡಗಿನ ಪ್ರಯಾಣದಲ್ಲಿ ಪಟ್ಟಕದ ಮೂಲಕ ನೋಡಿ ಕಂಡುಕೊಂಡ ಸಿ. ವಿ. ರಾಮನ್ ಅವರು ಮುಂದೆ ನಮ್ಮ ಈ ಬೆಂಗಳೂರಿನಲ್ಲಿಯೇ ನೆಲಸಿದವರು. ಅವರು ನಮ್ಮ ಸಮಿತಿಯ ಬಕೆಟ್ಟಿನ ಬಳಿ ನಿಲ್ಲುವ ಪ್ರಸಂಗ ಬಾರದೆ ಹೋದುದು ವಿಜ್ಞಾನದ ಸುಕೃತ.

ಈ ನಡುವೆ ಹೊಳೆಗಲ್ಲಿನ ಮಾದರಿಯನ್ನು ಯಾರೋ ನೆಲದ ಮೇಲಿಟ್ಟಿದ್ದರು. ಮಕ್ಕಳಿಗೆ ಈಜು ಕಲಿಸುವ ಹುಡುಗನು ಬೀಗದ ಕೈ ಕೇಳಲು ಬಂದವನು, ಚಪ್ಪಲಿ ಕಳಚಿ ಅದರ ಮೇಲೊಂದು ಕಾಲಿಟ್ಟು, ಹೆಬ್ಬೆರಳಿನಿಂದ ಒತ್ತಿ ನೋಡಿ, “ದೊಡ್ಡವರಿಗೆ ಪರವಾಗಿಲ್ಲ ಸಾರ್, ಮಕ್ಕಳ ಕಾಲಿಗೆ ಒತ್ತುತ್ತೆ” ಎಂದನು. ಹಾಗಾದರೆ ನಿನಗೆ ಯಾವುದು ಬೇಕಪ್ಪ ಎಂದು ಕೇಳಿದೆ. “ಮೆಟ್ಟಿಲು ಜಾರಬಾರದು. ತಳ ಕಾಣಬೇಕು ಸಾರ್, ಮಗು ಮುಳುಗಿದರೆ ನನಗೆ ಮೇಲಿಂದ ಗೊತ್ತಾಗಬೇಕು.” ಅಷ್ಟೇ ಹೇಳಿ ಬೀಗದ ಕೈ ತೆಗೆದುಕೊಂಡು ಹೊರಟುಹೋದನು. ಕರಿಯ ಶಿಲೆಯೂ ಕಡುನೀಲಿಯೂ ಅವನ ಹಿಂದೆಯೇ ಬಾಗಿಲು ದಾಟಿದವು.

ಹೀಗೆ ಉಳಿದುದು ಬಿಳಿಗೂ ನಸುನೀಲಿಗೂ ಬೆರಕೆಯಾದ ಗಾಜಿನ ಮೊಸಾಯಿಕ್. ಮೆಟ್ಟಿಲುಗಳಿಗೆ ಜಾರದ ಟೈಲು. ಕೆಲಸ ಮೊದಲಾದಾಗ ಬತ್ತಿದ ಕೊಳದೊಳಕ್ಕೆ ನಾನು ನಿರ್ಭೀತನಾಗಿ ಇಳಿದು ನೋಡಿದೆ. ಬಿಲ್ಲೆಗಳ ಮುಖಕ್ಕೆ ಕಾಗದ ಅಂಟಿಸಿದ ಒಂದಡಿಯ ಹಾಳೆಗಳನ್ನು ಮೇಸ್ತ್ರಿಯು ಅಂಟಿನ ಮೇಲೆ ಒತ್ತಿ ಕೂರಿಸಿ, ಒದ್ದೆ ಸ್ಪಂಜಿನಿಂದ ಕಾಗದವನ್ನು ನೆನೆಸಿ, ಮೂಲೆಯೊಂದನ್ನು ಉಗುರಿನಿಂದ ಎಬ್ಬಿಸಿ ಮೆಲ್ಲನೆ ಸುಲಿದನು. ಒಳಗಿನ ಬಿಲ್ಲೆಗಳು ಒಮ್ಮೆಗೇ ಮುಖ ತೋರಿದವು. ಓರೆಯಾಗಿದ್ದ ಎರಡನ್ನು ಕರಣೆಯ ಮೊನೆಯಿಂದ ಸರಿಪಡಿಸಿ, ಅವನು ತಲೆಯೆತ್ತಿ ನನ್ನನ್ನು ಕೇಳಿದನು: “ಸಂದಿಗೆ ಗ್ರೌಟು ಯಾವ ಬಣ್ಣ ಸಾರ್? ಬಿಳಿ ಹಾಕಿದರೆ ಒಂಥರಾ ಕಾಣುತ್ತೆ, ನೀಲಿ ಹಾಕಿದರೆ ಪೂರ್ತಿ ಬೇರೆ ಥರ ಕಾಣುತ್ತೆ. ಸಿಮೆಂಟಿನದಾ, ಎಪಾಕ್ಸಿದಾ?”

ಮುಂದಿನ ಭಾನುವಾರ ಹತ್ತು ಗಂಟೆಗೆ ಉಪಸಮಿತಿಯ ಸಭೆ ಕರೆದಿದೆ. ಪ್ರಾಧ್ಯಾಪಕರು ಈಗಾಗಲೇ ವಿಜಯನಗರದ ಗಾರೆಯ ವಿಷಯವಾಗಿ ಟಿಪ್ಪಣಿ ಮಾಡಿಕೊಳ್ಳುತ್ತಿದ್ದಾರೆಂದು ತಿಳಿದುಬಂದಿದೆ.