ಊರಿಲ್ಲದವನ ಲೆಕ್ಕಪತ್ರ

ನಮ್ಮ ಕರಾವಳಿಯ ಮದುವೆಮನೆಗಳಲ್ಲಿ ಎಲೆಗೆ ಉಪ್ಪು ಬೀಳುವ ಮೊದಲೇ ಪಕ್ಕದವರ ಪ್ರಶ್ನೆ ಬೀಳುತ್ತದೆ: “ನಿಮ್ದ್ ಯಾವೂರ್?” ಕೋಟ ಎಂದರೆ ಸಾಲದು, ಕೋಟದಲ್ಲಿ ಎಲ್ಲಿ? ದೇವಸ್ಥಾನದ ಹತ್ತಿರ ಎಂದರೂ ಸಾಲದು, ಯಾರ ಮನೆ? ಸಾರು ಬರುವ ಹೊತ್ತಿಗೆ ವಿಚಾರಣೆ ನಿಮ್ಮ ಅಜ್ಜನ ಕಾಲದ ಗಡಿ ತಕರಾರಿನವರೆಗೆ ಬಂದಿರುತ್ತದೆ. ಈ ಪ್ರಶ್ನೆಗೆ ನನ್ನ ಸೋದರಳಿಯ “ಸದ್ಯಕ್ಕೆ ಯಾವುದೂ ಇಲ್ಲ” ಎನ್ನುತ್ತಾನೆ. ಕೇಳಿದವರು, ಪಾಪ, ಮನೆ ಮಾರಿರಬೇಕು ಎಂದುಕೊಂಡು ಅವನ ಎಲೆಗೆ ಇನ್ನೊಂದು ಹೋಳಿಗೆ ಹಾಕಿಸುತ್ತಾರೆ.

ಅವನು ಮನೆ ಮಾರಿಲ್ಲ. ಕೊಂಡರೆ ತಾನೇ ಮಾರುವುದು. ಒಂದು ಬೆನ್ನುಚೀಲ, ಒಂದು ಲ್ಯಾಪ್‌ಟಾಪು, ಅಕ್ಕ ಕಟ್ಟಿಕೊಟ್ಟ ಸಾರಿನ ಪುಡಿ, ಇಷ್ಟೇ ಅವನ ಸಂಸಾರ. ಕೆಲಸ ಕೊಡುವವರು ಒಂದು ದೇಶದಲ್ಲಿ, ಮಾಡುವ ಇವನು ಇನ್ನೊಂದರಲ್ಲಿ. ಬಾಲಿಯಲ್ಲಿ ಮಳೆ ಹಿಡಿದರೆ ಲಿಸ್ಬನ್ನಿಗೆ, ಲಿಸ್ಬನ್ನಿನಲ್ಲಿ ಚಳಿ ಹಿಡಿದರೆ ಚಿಯಾಂಗ್ ಮಾಯ್‌ಗೆ. ಇದು ಬರೀ ಅಲೆದಾಟವಲ್ಲ ಮಾವ, ಸಿದ್ಧಾಂತ ಎಂದು ನನಗೇ ಪಾಠ ಮಾಡಿದ್ದಾನೆ. ಹ್ಯಾರಿ ಷುಲ್ಟ್ಸ್ ಎಂಬ ಅಮೆರಿಕದ ಹೂಡಿಕೆ ಪಂಡಿತರು ‘ಮೂರು ಬಾವುಟ’ಗಳ ಸೂತ್ರವೊಂದನ್ನು ಕೊಟ್ಟರಂತೆ. ಪಾಸ್‌ಪೋರ್ಟು ಹೊರಗಿನ ಗಳಿಕೆಯ ಗೊಡವೆಗೆ ಬಾರದ ದೇಶದ್ದು, ವ್ಯವಹಾರ ತೆರಿಗೆ ಹಗುರವಾದ ಇನ್ನೊಂದು ದೇಶದಲ್ಲಿ, ಇರುವುದು ಮಾತ್ರ ಮನಸ್ಸಿಗೆ ಹಿಡಿಸಿದ ಮೂರನೆಯ ಕಡೆ, ಅದೂ ಪ್ರವಾಸಿಯಾಗಿ. ಮುಂದೆ ಬಂದವರು ಬಾವುಟಗಳನ್ನು ಐದಕ್ಕೆ ಏರಿಸಿದರು. ಎಲ್ಲೆಡೆ ಪ್ರವಾಸಿ, ಎಲ್ಲೂ ನಿವಾಸಿಯಲ್ಲ. ನಿವಾಸಿಯಲ್ಲದವನ ಹತ್ತಿರ ತೆರಿಗೆ ಕೇಳುವವರಾರು?

ಕೇಳಲಿಕ್ಕೆ ಚೆಂದ. ಆದರೆ ಸೂತ್ರ ಬರೆದವರಿಗೆ ನಮ್ಮ ದೇಶದ ಪಾಸ್‌ಪೋರ್ಟು ಇರಲಿಲ್ಲ. ಯುರೋಪಿನ ಷೆಂಗೆನ್ ವೀಸಾ ಬೇಕೆಂದರೆ ಹಿಂದಿರುಗುವ ಟಿಕೆಟ್ಟು, ಉಳಿಯುವ ಜಾಗದ ಬುಕಿಂಗು, ಬ್ಯಾಂಕಿನ ಸ್ಟೇಟ್‌ಮೆಂಟು, ಎಲ್ಲಕ್ಕಿಂತ ಮುಖ್ಯವಾಗಿ ಈತ ತಿರುಗಿ ಊರಿಗೆ ಹೋಗುತ್ತಾನೆ ಎಂಬುದಕ್ಕೆ ಪುರಾವೆ ಕೊಡಬೇಕು. ಕೊಟ್ಟರೂ 180 ದಿನಗಳಲ್ಲಿ 90 ದಿನ ಮಾತ್ರ ಇರಬಹುದು. ಹೀಗಾಗಿ ಊರೇ ಇಲ್ಲದ ಮಹಾನುಭಾವ ಪ್ರತಿಸಲ ವೀಸಾ ಕೇಂದ್ರದ ಸಾಲಿನಲ್ಲಿ ತನ್ನ ಅಪ್ಪನ, ಅಂದರೆ ನನ್ನ ಭಾವನ, ಮನೆತೆರಿಗೆ ರಸೀದಿ ಹಿಡಿದು ನಿಂತಿರುತ್ತಾನೆ.

ನಮ್ಮ ಕಡೆಗೆ ಈ ಬದುಕು ಹೊಸತೂ ಅಲ್ಲ. ಎನ್‌ಆರ್‌ಇ ಖಾತೆ, ಅಂದರೆ ಅನಿವಾಸಿಗಳು ಹೊರಗಿನ ಗಳಿಕೆ ಇಡುವ ಖಾತೆ, ಶುರುವಾದದ್ದು 1970ರಲ್ಲಿ. ಆಮೇಲೆ ಗಲ್ಫಿನ ಬಾಗಿಲು ತೆರೆಯಿತು, ಕರಾವಳಿಯ ಬ್ಯಾಂಕು ಶಾಖೆಗಳ ಲೆಡ್ಜರು ದಪ್ಪವಾಯಿತು. ನಾನು ಅಂಥ ಶಾಖೆಗಳಲ್ಲೇ ಕೂದಲು ಬೆಳ್ಳಗೆ ಮಾಡಿಕೊಂಡವನು. ಗಲ್ಫಿನವರಿಗೆ ಹೇಳಿಕೊಳ್ಳಲು ಅಬುಧಾಬಿಯೋ ಮಸ್ಕತ್ತೋ ಒಂದಿತ್ತು. ಹಡಗಿನವರಿಗೆ ಅದೂ ಇಲ್ಲ, ಬರೀ ನೀರು. ಏಪ್ರಿಲಿನಿಂದ ಮಾರ್ಚಿನವರೆಗೆ ದೇಶದಲ್ಲಿ 182 ದಿನ ತುಂಬದಂತೆ ನೋಡಿಕೊಂಡರೆ ಅವರು ಅನಿವಾಸಿ. ಹೊರದೇಶದ ಹಡಗಿನಲ್ಲಿ ದುಡಿದ ಸಂಬಳಕ್ಕೆ ಇಲ್ಲಿ ತೆರಿಗೆ ಇಲ್ಲ. ತುಂಬಿತೋ, ಇದೆ. ಗಂಡ ರಜೆ ಮುಗಿಸಿ ಹೊರಟಾಗ ಹೆಂಡತಿ ಕಣ್ಣೊರೆಸಿಕೊಳ್ಳುವುದು ಲೋಕದ ವಾಡಿಕೆ. ನಮ್ಮಲ್ಲಿ ಫೆಬ್ರವರಿ ಬಂದರೂ ಹಡಗು ಸಿಗದೆ ಚಾವಡಿಯಲ್ಲಿ ಕೂತ ಗಂಡನನ್ನು ನೋಡಿ ಕಣ್ಣೊರೆಸಿಕೊಳ್ಳುವವರೂ ಇದ್ದರು. ಒಬ್ಬ ಚೀಫ್ ಎಂಜಿನಿಯರು ತಂಗಿಯ ಮದುವೆಯ ಮುಹೂರ್ತವನ್ನು ಪುರೋಹಿತರು ಇಟ್ಟುಕೊಟ್ಟ ಮೇಲೆ ಆಡಿಟರಿಗೂ ತೋರಿಸಿ, ಅವರು ತಲೆಯಾಡಿಸಿದ ಮೇಲೆಯೇ ಛತ್ರಕ್ಕೆ ಮುಂಗಡ ಕೊಟ್ಟರು. ಅವರ ಹಡಗಿನ ಸೇವೆಯ ದಾಖಲೆಯಾದ ಸಿಡಿಸಿ ಪುಸ್ತಕದಲ್ಲಿ ಸೈನ್ ಆನ್, ಸೈನ್ ಆಫ್ ಮುದ್ರೆಗಳನ್ನು ಎಣಿಸುವ ಕೆಲಸ ಎಷ್ಟೋ ಸಲ ನನ್ನ ಕೌಂಟರಿನಲ್ಲೇ ನಡೆದಿದೆ.

ದಿನ ಎಣಿಸುವುದರಲ್ಲಿ ಏನು ಮಹಾ ಎನ್ನಬೇಡಿ. ವಿಮಾನ ಇಳಿದ ದಿನವನ್ನು ಲೆಕ್ಕಕ್ಕೆ ಹಿಡಿಯಬೇಕೇ ಬಿಡಬೇಕೇ ಎಂಬ ವ್ಯಾಜ್ಯ ಬೆಂಗಳೂರಿನ ತೆರಿಗೆ ನ್ಯಾಯಮಂಡಳಿಯ ತನಕ ಹೋಗಿದೆ. ಬ್ರಿಟನ್ನಿನವರು ಸಾಮಾನ್ಯವಾಗಿ ನಡುರಾತ್ರಿಗೆ ನೀವು ಎಲ್ಲಿದ್ದಿರಿ ಎಂದು ನೋಡುತ್ತಾರೆ. ಅಮೆರಿಕದಲ್ಲಿ ದಿನದ ಒಂದು ಚೂರು ಇದ್ದರೂ ಅದು ಇಡೀ ದಿನ. ಸಾಲದ್ದಕ್ಕೆ ಹೋದ ವರ್ಷದ ದಿನಗಳ ಮೂರರಲ್ಲೊಂದು ಪಾಲು, ಅದರ ಹಿಂದಿನ ವರ್ಷದ ಆರರಲ್ಲೊಂದು ಪಾಲು ಕೂಡಿಸಿ 183 ಮುಟ್ಟಿತೇ ಎಂದು ನೋಡುತ್ತಾರೆ. ಸುಂಕದವನ ಮುಂದೆ ಸುಖದುಃಖ ಹೇಳಿಕೊಳ್ಳಬೇಡ ಎಂಬ ಗಾದೆ ಒಮ್ಮೆ ಮಾತ್ರ ಸುಳ್ಳಾದದ್ದನ್ನು ಕಂಡಿದ್ದೇನೆ. 2020ರ ಮಾರ್ಚಿನಲ್ಲಿ ವಿಮಾನಗಳು ನಿಂತು, ಊರು ನೋಡಲು ಬಂದವರು ಇಲ್ಲೇ ಸಿಕ್ಕಿಹಾಕಿಕೊಂಡಾಗ, 22ರಿಂದ 31ರವರೆಗಿನ ದಿನಗಳನ್ನು ಎಣಿಸುವುದಿಲ್ಲ ಎಂದು ಇಲಾಖೆಯೇ ಸುತ್ತೋಲೆ ಹೊರಡಿಸಿತು.

ಎರಡು ದೇಶಗಳೂ “ಇವನು ನಮ್ಮವನು” ಎಂದು ಕೈ ಹಿಡಿದು ಎಳೆದರೆ? ಅದಕ್ಕೆ ಒಪ್ಪಂದಗಳಿವೆ. ಭಾರತ ಅಮೆರಿಕದ ಜೊತೆ 1989ರಲ್ಲಿ ಸಹಿ ಹಾಕಿದ ಒಪ್ಪಂದದ ನಾಲ್ಕನೆಯ ವಿಧಿಯನ್ನು ನಿವೃತ್ತನಾದ ಮೇಲೆ ನಾನು ಸಾವಕಾಶವಾಗಿ ಓದಿದೆ. ಅಂಥ ಒಪ್ಪಂದಗಳಲ್ಲೆಲ್ಲ ಸುಮಾರು ಇದೇ ಕ್ರಮ. ಮೊದಲು, ಕಾಯಂ ಮನೆ ಎಲ್ಲಿದೆ? ಎರಡೂ ಕಡೆ ಇದ್ದರೆ, ಸಂಸಾರ, ವ್ಯವಹಾರ, ನಂಟು ಯಾವ ಕಡೆಗೆ ಹೆಚ್ಚು? ಅದೂ ತಿಳಿಯದಿದ್ದರೆ, ರೂಢಿಯಲ್ಲಿ ಇರುವುದೆಲ್ಲಿ? ಅದಕ್ಕೂ ಉತ್ತರವಿಲ್ಲದಿದ್ದರೆ, ಯಾವ ದೇಶದ ಪ್ರಜೆ? ಕೊನೆಗೂ ಬಗೆಹರಿಯದಿದ್ದರೆ ಎರಡೂ ಕಡೆಯ ಅಧಿಕಾರಿಗಳು ಕೂತು ಮಾತಾಡಿ ತೀರ್ಮಾನಿಸುವುದು. ಅಕ್ಕನಿಗೆ ಓದಿ ಹೇಳಿದೆ. “ಇದರಲ್ಲಿ ಹೊಸತೆಂಥದ್ದು ಮಾರಾಯ? ಗಂಡಿನ ಕಡೆಯವರು ಬಂದರೆ ನಾವು ಕೇಳುವುದು ಇಷ್ಟೇ ಅಲ್ಲವಾ” ಎಂದಳು. ಜಗತ್ತಿನ ತೆರಿಗೆ ತಜ್ಞರು ಮೇಜಿನ ಸುತ್ತ ಕೂತು ಬರೆದದ್ದೂ ನಮ್ಮ ಪಂಕ್ತಿಯ ವಿಚಾರಣೆಯೂ ಒಂದೇ ದಾರಿ ಹಿಡಿದದ್ದು ನನಗಂತೂ ಸಮಾಧಾನ ಕೊಟ್ಟಿತು.

ದಿನದ ಲೆಕ್ಕವನ್ನೇ ನಂಬಿ ಕೂತವರ ಕತೆ ಕೇಳಬೇಕೆಂದರೆ ರಾಬರ್ಟ್ ಗೇನ್ಸ್-ಕೂಪರ್ ಅವರದು ಕೇಳಬೇಕು. ಇಂಗ್ಲೆಂಡಿನ ಈ ಉದ್ಯಮಿ 1976ರಲ್ಲೇ ಸೇಷೆಲ್ಸ್ ದ್ವೀಪಗಳಿಗೆ ಮನೆ ಬದಲಿಸಿದರು. ವರ್ಷಕ್ಕೆ ಸರಾಸರಿ 91 ದಿನಕ್ಕಿಂತ ಕಡಿಮೆ ಇಂಗ್ಲೆಂಡಿನಲ್ಲಿದ್ದರೆ ಸಾಕು ಎಂಬುದು ಅವರ ನಂಬಿಕೆ. ಆದರೆ ಥೇಮ್ಸ್ ದಂಡೆಯ ಹೆನ್ಲಿಯ ಹತ್ತಿರ ದೊಡ್ಡ ಮನೆ ಹಾಗೇ ಇತ್ತು. ಹೆಂಡತಿ ಅಲ್ಲಿ, ಮಗನ ಶಾಲೆ ಅಲ್ಲಿ, ಚಿತ್ರಗಳೂ ಬಂದೂಕುಗಳೂ ಅಲ್ಲಿ, ಆಸ್ಕಾಟಿನ ಕುದುರೆ ಪಂದ್ಯಕ್ಕೆ ಹೋಗುವುದೂ ತಪ್ಪಲಿಲ್ಲ. ದಿನ ಎಷ್ಟೇ ಎಣಿಸಿ, ನೀವು ಇಲ್ಲಿಂದ ಬಿಡಿಸಿಕೊಂಡು ಹೋಗಲೇ ಇಲ್ಲ ಎಂಬ ಇಲಾಖೆಯ ವಾದವೇ 2011ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟಿನಲ್ಲೂ ನಿಂತಿತು.

ಬಿಡಿಸಿಕೊಂಡು ಹೋದರೂ ಬಿಡದ ದೇಶಗಳಿವೆ. ಅಮೆರಿಕ ಮತ್ತು ಎರಿಟ್ರಿಯ ತಮ್ಮ ಪ್ರಜೆಗಳು ಎಲ್ಲಿದ್ದರೂ ಪಾಲು ಕೇಳುತ್ತವೆ. ಬೋರಿಸ್ ಜಾನ್ಸನ್ ನ್ಯೂಯಾರ್ಕಿನಲ್ಲಿ ಹುಟ್ಟಿದ್ದಕ್ಕೆ, ಲಂಡನ್ನಿನ ಮನೆ ಮಾರಿದಾಗ ಅಮೆರಿಕಕ್ಕೆ ತೆರಿಗೆ ಕಟ್ಟಬೇಕಾಯಿತು. 2016ರಲ್ಲಿ ಆ ಪೌರತ್ವವನ್ನೇ ಬಿಟ್ಟರು.

ಭಾವನ ತಂಗಿಯ ಮಗಳು ನ್ಯೂಜೆರ್ಸಿಯಲ್ಲಿ ಗ್ರೀನ್ ಕಾರ್ಡಿನ ಮೇಲೆ ಇದ್ದಾಳೆ. ಅವಳ ಪಾಡೇ ಬೇರೆ. ತಂದೆ ಬಿಟ್ಟುಹೋದ ತೆಂಗಿನ ತೋಟದ ಉತ್ಪತ್ತಿ ಕೃಷಿ ಆದಾಯ, ನಮ್ಮ ಆದಾಯ ತೆರಿಗೆ ಅದನ್ನು ಮುಟ್ಟುವುದಿಲ್ಲ. ಅಮೆರಿಕ ಮುಟ್ಟುತ್ತದೆ. ಪಿಪಿಎಫ್ ಬಡ್ಡಿ, ಎನ್‌ಆರ್‌ಇ ಠೇವಣಿಯ ಬಡ್ಡಿ, ಇಲ್ಲಿ ಮಾಫಿಯಾದದ್ದೆಲ್ಲ ಅಲ್ಲಿ ಲೆಕ್ಕಕ್ಕೆ. ಇಲ್ಲಿನ ಮ್ಯೂಚುವಲ್ ಫಂಡಿಗೆ ಅಲ್ಲಿ ಪಿಎಫ್‌ಐಸಿ ಎಂದು ಹೆಸರಿಟ್ಟು ಮಾಡುವ ಲೆಕ್ಕವನ್ನು ನೋಡಿ ಅವಳ ಆಡಿಟರು ಫೀಸು ಹೆಚ್ಚಿಸಿದರು. ಹೊರದೇಶದ ಖಾತೆಗಳ ಮೊತ್ತ ವರ್ಷದಲ್ಲಿ ಒಂದು ದಿನ 10,000 ಡಾಲರ್ ದಾಟಿದರೂ ಎಫ್‌ಬಾರ್ ಎಂಬ ವರದಿ ಕೊಡಬೇಕು, ಅಮ್ಮನ ಜೊತೆಗಿನ ಜಂಟಿ ಖಾತೆಯನ್ನೂ ಸೇರಿಸಿ. ಆ ಅಮ್ಮನೋ, ಗಂಡನಿಗೇ ಹೇಳದೆ ಕೂಡಿಟ್ಟವರು. “ಅವರಿಗೆ ಗೊತ್ತಿರಲಿಲ್ಲ, ಈಗ ಅಮೆರಿಕಕ್ಕೆ ಗೊತ್ತು” ಎಂದು ಸಿಕ್ಕಿದವರಿಗೆಲ್ಲ ಹೇಳುತ್ತಿದ್ದಾರೆ.

ನಮ್ಮ ಸರ್ಕಾರವೂ ಅಲೆಮಾರಿಗಳನ್ನು ಮರೆತಿಲ್ಲ. ಬೇರೆ ಯಾವ ದೇಶದಲ್ಲೂ ತೆರಿಗೆಗೆ ಬಾಧ್ಯನಾಗದ ಭಾರತೀಯ ಪ್ರಜೆ ಇಲ್ಲಿಗೆ ಕಾಲಿಡದಿದ್ದರೂ ಇಲ್ಲಿನ ನಿವಾಸಿಯೇ ಎಂದು 2020ರ ಬಜೆಟ್ಟಿನಲ್ಲಿ ಹೇಳಿತು. ಗಲ್ಫಿನವರ ಎದೆ ಧಸಕ್ಕೆಂದಿತು. ಅಲ್ಲಿ ದುಡಿಯುವವರಿಗೆ ಇದಲ್ಲ ಎಂದು ಮರುದಿನವೇ ಸ್ಪಷ್ಟನೆ ಬಂತು. ಹೊರದೇಶದ ಗಳಿಕೆ ಬಿಟ್ಟು ಉಳಿದ ಆದಾಯ 15 ಲಕ್ಷ ದಾಟಿದವರಿಗೆ ಮಾತ್ರ ಎಂದೂ ಆಯಿತು. ಅಳಿಯನಿಗೆ ಇಲ್ಲಿ ಬರುವುದು ಹಳೆಯ ಠೇವಣಿಯ ಬಡ್ಡಿ ಅಷ್ಟೇ. ಅವನನ್ನೇ ಹಿಡಿಯಲು ಹೆಣೆದಂತಿರುವ ಕಾನೂನಿಗೆ ಅವನು ಅರ್ಹನಾಗಲಿಲ್ಲ. ಸಂತೋಷಪಡುವ ಬದಲು ಸ್ವಲ್ಪ ಪೆಚ್ಚಾದ. ಆ ಬಡ್ಡಿ ಬೀಳುವುದು ಅನಿವಾಸಿಗಳ ಇಲ್ಲಿನ ಆದಾಯಕ್ಕೆಂದಿರುವ ಎನ್‌ಆರ್‌ಒ ಖಾತೆಗೆ. ಅಲ್ಲಿ ಮೊದಲ ರೂಪಾಯಿಯಿಂದಲೇ ಶೇಕಡಾ 30ರ ಮೇಲೆ ಮುರಿದುಕೊಳ್ಳುತ್ತಾರೆ. “ಊರಲ್ಲಿ ಇರದೇ ಇದ್ದದ್ದಕ್ಕೆ ದಂಡವಾ?” ಎಂದಳು ಅಕ್ಕ. ದಂಡವಲ್ಲ, ರಿಟರ್ನ್ ಹಾಕಿದರೆ ಹೆಚ್ಚಿನದು ವಾಪಸು ಬರುತ್ತದೆ ಎಂದು ಬ್ಯಾಂಕಿನವನಾಗಿ ಹೇಳಿದೆ. ಅವಳಿಗೆ ಒಪ್ಪಿಗೆಯಾಗಲಿಲ್ಲ.

ಕಡೆಗೆ ಅವನ ಸಿದ್ಧಾಂತವನ್ನು ಮಣಿಸಿದ್ದು ಯಾವ ಸರ್ಕಾರವೂ ಅಲ್ಲ, ಒಂದು ಅರ್ಜಿಯ ಒಂದು ಚೌಕ. 2017ರಿಂದ ಹಲವು ದೇಶಗಳು ಬ್ಯಾಂಕು ಖಾತೆಗಳ ವಿವರವನ್ನು ತಾವಾಗಿಯೇ ಹಂಚಿಕೊಳ್ಳುತ್ತಿವೆ. ಆದ್ದರಿಂದ ಎಲ್ಲಿ ಖಾತೆ ತೆರೆದರೂ, ಷೇರು ಕೊಳ್ಳಲು ಹೊರಟರೂ, ‘ತೆರಿಗೆ ನಿವಾಸದ ದೇಶ’ ಯಾವುದೆಂದು ಬರೆಯಬೇಕು. ಅಫ್ಘಾನಿಸ್ತಾನದಿಂದ ಜಿಂಬಾಬ್ವೆವರೆಗೆ ಪಟ್ಟಿ ಇದೆ, ‘ಎಲ್ಲೂ ಇಲ್ಲ’ ಎಂಬುದಿಲ್ಲ. ಖಾಲಿ ಬಿಟ್ಟರೆ ಅರ್ಜಿ ಮುಂದಕ್ಕೇ ಹೋಗದು.

ಹೀಗಾಗಿ ಈಗ ದುಬೈಯಲ್ಲಿ ವೀಸಾ ಮಾಡಿಸಿ, ಒಂದು ಕೋಣೆಯ ಮನೆ ಬಾಡಿಗೆಗೆ ಹಿಡಿದಿದ್ದಾನೆ. ಅಲ್ಲಿನ ಕಾನೂನಿನಲ್ಲಿ ವಾಸದ ಪರವಾನಗಿಯೂ ಕಾಯಂ ಮನೆಯೂ ಇದ್ದರೆ 90 ದಿನಕ್ಕೇ ತೆರಿಗೆ ನಿವಾಸಿ. ಭಾರತದೊಡನೆ ಇರುವ ಒಪ್ಪಂದಕ್ಕೆ ಮಾತ್ರ 183 ಬೇಕು. ಬಾಡಿಗೆ ಕರಾರು, ಬಂದುಹೋದ ದಿನಗಳ ಪಟ್ಟಿ ಎಲ್ಲ ಕೊಟ್ಟು ಪ್ರಮಾಣಪತ್ರವನ್ನೂ ಪಡೆದ. ವೈಯಕ್ತಿಕ ಆದಾಯ ತೆರಿಗೆಯೇ ಇಲ್ಲದ ದೇಶದಲ್ಲಿ ತೆರಿಗೆ ನಿವಾಸಿ ಎಂಬ ಕಾಗದ! ನಾನು ನಕ್ಕೆ, ಅಕ್ಕ ನಗಲಿಲ್ಲ. ಮಗನಿಗೆ ಮನೆ ಉಂಟು ಎಂದು ಒಂದು ಸರ್ಕಾರವೇ ಮೊಹರು ಹಾಕಿ ಬರೆದುಕೊಟ್ಟಿದೆ, ಅವಳಿಗೆ ಇನ್ನೇನು ಬೇಕು? ಎರಡು ಜೆರಾಕ್ಸ್ ಮಾಡಿಸಿಕೊಡು ಎಂದಳು. ಒಂದು ಜಾತಕದ ಜೊತೆ ಇಡಲು. ಇನ್ನೊಂದು ಸಾಲಿಗ್ರಾಮದ ಒಬ್ಬ ಹೆಣ್ಣಿನ ತಂದೆಗೆ. ಅವರು ಆದಾಯ ತೆರಿಗೆ ಇಲಾಖೆಯಿಂದ ನಿವೃತ್ತರಾದವರು. ಜಾತಕ ಆಮೇಲೆ ನೋಡುವ, ಮೊದಲು ಹುಡುಗನ ಪಾಸ್‌ಪೋರ್ಟಿನ ಪುಟಗಳನ್ನು ಕಳಿಸಿ ಎಂದು ಆಗಲೇ ಹೇಳಿಕಳಿಸಿದ್ದಾರೆ.