ಮೂರನೆಯ ತೂತು

ಪ್ಲಗ್ ಪಾಯಿಂಟಿನಲ್ಲಿ ತೂತು ಮೂರಿದ್ದರೂ ನಮ್ಮ ಜನ ಮರ್ಯಾದೆ ಕೊಡುವುದು ಎರಡಕ್ಕೆ. ಮೇಲಿನ ದಪ್ಪ ತೂತು ಇರುವುದೇ ಪೆನ್ನಿನ ತುದಿ ತುರುಕುವುದಕ್ಕೆ ಎಂದು ಬಹುಮಂದಿಯ ನಂಬಿಕೆ. ಅಲ್ಲಿ ಒತ್ತಿದರೆ ಕೆಳಗಿನೆರಡರ ಬಾಗಿಲು ತೆರೆದು ಎರಡು ಪಿನ್ನಿನ ಪ್ಲಗ್ಗು ಸಲೀಸಾಗಿ ಕೂರುತ್ತದಲ್ಲ! ಮಕ್ಕಳು ಕಡ್ಡಿ ತೂರಿಸದಿರಲೆಂದು ಇಟ್ಟ ಬಾಗಿಲಿಗೆ ದೊಡ್ಡವರೇ ಕನ್ನ ಹಾಕುತ್ತಾರೆ. ಮೂರನೆಯ ಪಿನ್ನು ಉಳಿದೆರಡಕ್ಕಿಂತ ಉದ್ದ, ದಪ್ಪ. ಮದುವೆಮನೆಯ ಅಡುಗೆಭಟ್ಟರ ಹಾಗೆ ಎಲ್ಲರಿಗಿಂತ ಮೊದಲು ಒಳಹೊಕ್ಕು ಕೊನೆಗೆ ಹೊರಬರುತ್ತದೆ. ಕರೆಂಟು ಕಾಲಿಡುವ ಮುಂಚೆಯೇ ಭೂಮಿಗೆ ದಾರಿ ಸಿದ್ಧವಿರಬೇಕು. ಫ್ರಿಜ್ಜಿನೊಳಗೆ ಫೇಸ್ ವೈರು ಸವೆದು ತಗಡಿಗೆ ತಗುಲಿತೆನ್ನಿ, ಕರೆಂಟು ಮೂರನೆಯ ಪಿನ್ನಿನಿಂದ ಭೂಮಿಗಿಳಿಯುವ ಹಸಿರು ವೈರಿನಲ್ಲಿ ಧುಮ್ಮಿಕ್ಕಿ ಫ್ಯೂಸು ಹಾರುತ್ತದೆ. ಹಸಿರು ವೈರಿಲ್ಲವೆ? ಹಾಲು ತೆಗೆಯಲು ಬಂದವರೇ ವೈರು. "ಫ್ರಿಜ್ ಮುಟ್ಟೋವಾಗ ಚಪ್ಪಲಿ ಹಾಕ್ಕೋ" ಎನ್ನುವುದೇ ಎಷ್ಟೋ ಮನೆಗಳ ಅರ್ಥಿಂಗು. ಮೂರೂ ಬಿಟ್ಟವರು ಊರಿಗೇ ದೊಡ್ಡವರಂತೆ; ಮೂರನೆಯದನ್ನಷ್ಟೇ ಬಿಟ್ಟವರು ಮನೆಮಟ್ಟಿಗೆ ಎಲೆಕ್ಟ್ರಿಷಿಯನ್.

ಕರೆಂಟು ಮಿತಿಮೀರಿದರೆ ತಾನೇ ಕಡಿಯುವ ಎಂಸಿಬಿ ಇದೆಯಲ್ಲ ಎನ್ನಬಹುದು. ಅದು ಕಾಯುವುದು ಗೋಡೆಯೊಳಗಿನ ತಂತಿಯನ್ನು, ನಮ್ಮನ್ನಲ್ಲ. 2000 ವಾಟಿನ ಗೀಸರು 230 ವೋಲ್ಟಿನಲ್ಲಿ ಸುಮಾರು 8.7 ಆಂಪಿಯರ್ ಎಳೆಯುತ್ತದೆ. 16 ಆಂಪಿಯರಿನ ಎಂಸಿಬಿ ಅದನ್ನು ಕಂಡೂ ಸುಮ್ಮನಿರಬೇಕು, ಇಲ್ಲವಾದರೆ ತಣ್ಣೀರೇ ಗತಿ. ಮನುಷ್ಯನ ಎದೆಬಡಿತ ಕೆಡಲು ಒಂದು ಆಂಪಿಯರಿನ ಹತ್ತನೆಯ ಒಂದು ಪಾಲು ಸಾಕು, ಎಂಸಿಬಿಗೆ ಅದು ಎಮ್ಮೆಯ ಮೇಲೆ ಬಿದ್ದ ಮಳೆಹನಿ. ನಮ್ಮನ್ನು ಕಾಯಲು ಆರ್‌ಸಿಸಿಬಿ ಬೇರೆಯೇ ಬೇಕು. ಹೋದ ಕರೆಂಟು ಅಷ್ಟೇ ವಾಪಸು ಬಂತೆ ಎಂದು ತಾಳೆ ನೋಡುವ ಶಾನುಭೋಗ ಅದು. ಲೆಕ್ಕದಲ್ಲಿ 30 ಮಿಲಿಆಂಪಿಯರ್ ಕಡಿಮೆಯಾದರೂ ಮನೆ ಕತ್ತಲು. ಮೊಬೈಲ್ ಚಾರ್ಜರಿಗೆ ಎರಡೇ ಪಿನ್ನಲ್ಲವೆ ಎನ್ನುವವರ ಮಾತೂ ನಿಜ, ಆದರೆ ಚಾರ್ಜರಿಗೆ ಷಾಕ್ ಹೊಡೆಯುವ ಲೋಹದ ಮೈಯಿಲ್ಲ, ಇಸ್ತ್ರಿಪೆಟ್ಟಿಗೆಗೆ ಇದೆ. ಇನ್ನು "ಇಪ್ಪತ್ತು ವರ್ಷದಿಂದ ಏನೂ ಆಗಿಲ್ಲ" ಎಂಬ ವಾದ. ಇದನ್ನು ಸೋಲಿಸುವುದು ಕಷ್ಟ, ಏಕೆಂದರೆ ಏನಾದರೂ ಆದವರು ವಾದಕ್ಕೆ ಬರುವುದಿಲ್ಲ. ಇಪ್ಪತ್ತು ವರ್ಷ ಗಟ್ಟಿಯಿದ್ದದ್ದು ವೈರಿನ ಹೊದಿಕೆ. ಅದಕ್ಕೂ ಈಗ ಇಪ್ಪತ್ತು ವರ್ಷ ಹೆಚ್ಚು ವಯಸ್ಸು.

ಕೆಲವು ಮನೆಗಳಲ್ಲಿ ಮೂರನೆಯ ತೂತಿನ ಹಿಂದೆ ವೈರೇ ಇರುವುದಿಲ್ಲ, ಬರೀ ಅಲಂಕಾರ. ಒಮ್ಮೆ ಬಿಚ್ಚಿಸಿ ನೋಡಿ. ವೈರಿದ್ದರೆ ಅದು ಅಂಗಳದ ಮೂಲೆಯಲ್ಲಿ ಇದ್ದಿಲು, ಉಪ್ಪು ತುಂಬಿದ ಗುಂಡಿಯಲ್ಲಿ ಮುಗಿದಿರುತ್ತದೆ. ಒಣ ಮಣ್ಣು ಕರೆಂಟನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ; ಬೇಸಿಗೆಯಲ್ಲಿ ತುಳಸಿಗೆ ನೀರು ಹಾಕುವಾಗ ಆ ಗುಂಡಿಗೂ ಒಂದು ಕೊಡ ಸುರಿಯಿರಿ.