ಹಿತ್ತಲಮೀಮಾಂಸೆ: ಕಡೂರು, ತರೀಕೆರೆ, ಅಜ್ಜಂಪುರ ಪ್ರಾಂತ್ಯದ ಗೃಹಪ್ರವೇಶೋತ್ತರ ಕೃಷಿ

ಅಥಾತೋ ಹಿತ್ತಲಜಿಜ್ಞಾಸಾ. ಹಾಲುಕ್ಕಿಸಿ, ನೆಂಟರೆಲ್ಲ ಊರು ಸೇರಿದ ಮೇಲೆ ಮನೆ ಯಜಮಾನನಿಗೆ ತೋಟದ ಗೀಳು ಹತ್ತುತ್ತದೆ ಎಂಬಲ್ಲಿ ಪಂಡಿತರಿಗೆ ಭಿನ್ನಮತವಿಲ್ಲ. 30-40ರ ಸೈಟಿನಲ್ಲಿ ಮನೆ, ಸಂಪು, ಕಾರಿನ ಜಾಗ ಕಳೆದು ಉಳಿಯುವ ನಾಲ್ಕಡಿ ಅಗಲದ ಪಟ್ಟಿಗೆ ಹಿತ್ತಲೆಂದು ಹೆಸರು. ಅದರಲ್ಲಿ ಆತ, ಕಾಗದದ ಮೇಲೆ, ಎರಡು ತೆಂಗು, ಆರು ಅಡಿಕೆ, ಒಂದು ಮಾವು, ಒಂದು ಸಪೋಟ ನೆಡುತ್ತಾನೆ. ತೆಂಗಿಗೂ ತೆಂಗಿಗೂ 25 ಅಡಿ ಅಂತರವಿರಬೇಕೆಂಬ ವಚನವನ್ನು ಪ್ರಕ್ಷಿಪ್ತವೆಂದು ತಳ್ಳಿಹಾಕುತ್ತಾನೆ.

ಈ ಪ್ರಾಂತ್ಯದ ವಿಶೇಷ ವ್ಯಾಧಿಯೆಂದರೆ ವರ್ಗಾವಣೆದೋಷ. ತರೀಕೆರೆ ಅರೆಮಲೆನಾಡು, ಕಡೂರು ಬಯಲು, ಅಜ್ಜಂಪುರದ ಸುತ್ತ ಎರೆಭೂಮಿ. ಬಸ್ಸು ಬದಲಿಸಿದಷ್ಟು ಸುಲಭವಾಗಿ ಬೆಳೆ ಬದಲಿಸಲು ಮನಸ್ಸೊಪ್ಪದು. ತರೀಕೆರೆಯಿಂದ ಕಡೂರಿಗೆ ಬಂದ ಮೇಷ್ಟ್ರು ಅಡಿಕೆ ಸಸಿ ಹೊತ್ತು ತರುತ್ತಾರೆ. ನೈಋತ್ಯದ ಇಳಿಬಿಸಿಲು ಬಡಿದು ಕಾಂಡ ಸೀಳುತ್ತದೆ. ಅಜ್ಜಂಪುರದಿಂದ ತರೀಕೆರೆಗೆ ಹೋದವರು ಈರುಳ್ಳಿ ಹಾಕಿ, ಸೋನೆಮಳೆಗೆ ಗೆಡ್ಡೆ ಕೊಳೆತಾಗ ಬೀಜದಂಗಡಿಯವನನ್ನು ಬಯ್ಯುತ್ತಾರೆ. ಕಡೂರಿನವರು ಎಲ್ಲಿಗೆ ಹೋದರೂ ತೆಂಗನ್ನೇ ನೆಡುತ್ತಾರೆ. ಇದಕ್ಕೆ ಮದ್ದಿಲ್ಲ.

ಇನ್ನು ಉತ್ಖನನ. ಗುದ್ದಲಿ ಹಾಕಿದೊಡನೆ ಟಣ್ ಎನ್ನುವುದು ಜಲ್ಲಿಸ್ತರ. ಅದರಡಿ ಟೈಲ್ಸ್ ಚೂರು, ಚೀಲದ ಆಕಾರದಲ್ಲೇ ಕಲ್ಲಾದ ಅರ್ಧ ಮೂಟೆ ಸಿಮೆಂಟು, ಕೊನೆಗೆ ಗುಟ್ಕಾ ಪೊಟ್ಟಣ. ಈ ಕೊನೆಯದು ಮೇಸ್ತ್ರಿಯುಗದ್ದೆಂದು ನಿಸ್ಸಂಶಯವಾಗಿ ಹೇಳಬಹುದು. ಸಿಮೆಂಟಿನ ಸುಣ್ಣದಿಂದ ಮಣ್ಣು ಕ್ಷಾರವಾಗಿ ಎಲೆ ಹಳದಿಗೆ ತಿರುಗುತ್ತದೆ. ಯಜಮಾನ ಅದನ್ನು ದೃಷ್ಟಿ ಎಂದುಕೊಂಡು ಬೂದುಗುಂಬಳ ಕಟ್ಟುತ್ತಾನೆ. ಒಂದೂವರೆ ಅಡಿ ಅಗೆದು, ಕಸ ಹೊರಹಾಕಿ, ಕೆರೆಗೋಡು ಮತ್ತು ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ತುಂಬುವುದೇ ಶಾಂತಿ. ಹಸಿ ಸಗಣಿ ಸುರಿದರೆ ಗೊಣ್ಣೆಹುಳುವಿಗೆ ಗೃಹಪ್ರವೇಶ. ಅಜ್ಜಂಪುರದಲ್ಲಿ ಅಮೃತಮಹಲ್ ತಳಿ ಸಂವರ್ಧನಾ ಕೇಂದ್ರವೇ ಇದೆ. ಹೈದರ್, ಟಿಪ್ಪು ಸೈನ್ಯದ ಸರಂಜಾಮು ಎಳೆದ ತಳಿಯ ಗೊಬ್ಬರ ತನ್ನ ಬದನೆಗೇ ಬೇಕೆಂದು ಹಟ ಹಿಡಿಯುವವರುಂಟು. ಬದನೆಗೆ ಇತಿಹಾಸದ ಗೊಡವೆಯಿಲ್ಲ.

ನೀರಿನ ಪ್ರಕರಣ ಗಹನ. ಲಕ್ಕವಳ್ಳಿಯ ಭದ್ರಾ ಜಲಾಶಯದಿಂದ ನೀರೆತ್ತಿ, ಅಜ್ಜಂಪುರದ ಸುರಂಗ ದಾಟಿಸಿ, ಚಿತ್ರದುರ್ಗದ ಕಡೆ ಹರಿಸುವುದು ಭದ್ರಾ ಮೇಲ್ದಂಡೆ. ನಾವು ಮಂಡಿಸುವುದು ಬಚ್ಚಲು ಮೇಲ್ದಂಡೆ. ಒಂದು ಪೈಪು, ಒಂದು ಮೊಳ ಇಳಿಜಾರು, ಕೊನೆಯಲ್ಲೊಂದು ಬಾಳೆಬುಡ. ಸೋಪಿನ ನೀರಿಗೆ ಬಾಳೆ, ಕೆಸು ಬೇಸರಿಸವು; ಕೊತ್ತಂಬರಿ, ದಂಟಿಗೆ ಅದು ಸಲ್ಲದು. ಈ ಯೋಜನೆಗೆ ಸಂಪುಟದ ಒಪ್ಪಿಗೆ ಬೇಡ, ಅಡುಗೆಮನೆಯ ಒಪ್ಪಿಗೆ ಸಾಕು. ಆದರೆ ಅದು ಸಿಗುವುದು ಕಷ್ಟ: ಪೈಪು ಹಾಕಬೇಕಾದ ಜಾಗದಲ್ಲೇ ಬಟ್ಟೆ ಒಗೆಯುವ ಕಲ್ಲಿರುತ್ತದೆ.

ಗೃಹಪ್ರವೇಶದ ಮುಹೂರ್ತಗಳು ವೈಶಾಖದಲ್ಲಿ ದಂಡಿಯಾಗಿ ಬರುವುದರಿಂದ ಸಸಿಯನ್ನೂ ಅದೇ ಉರಿಬಿಸಿಲಲ್ಲಿ ನೆಡುವ ಸಂಪ್ರದಾಯವಿದೆ. ಮೃಗಶಿರ ಮಳೆಯವರೆಗೆ ಕಾಯುವುದು ಅಶಾಸ್ತ್ರೀಯವಲ್ಲ. ಪರಂಗಿ ನೆಟ್ಟರೆ ವರ್ಷದೊಳಗೆ ಹಣ್ಣು. ಮೌಲ್ಯಮಾಪನದ ಹೊಣೆ ಕೋತಿಗಳದ್ದು, ಮರುಮೌಲ್ಯಮಾಪನಕ್ಕೆ ಅವಕಾಶವಿಲ್ಲ.

ಆದಕಾರಣ ಸಿದ್ಧಾಂತ: ನಾಲ್ಕಡಿ ಪಟ್ಟಿಗೆ ಕರಿಬೇವು, ಬಾಳೆ, ಬಸಳೆ, ದೊಡ್ಡಪತ್ರೆ, ಮೂಲೆಯೊಂದು ಸಿಕ್ಕರೆ ನುಗ್ಗೆ. ಮಾವು ಕಾಗದದಲ್ಲೇ ಇರಲಿ. ಕೊನೆಯದಾಗಿ, ಗೃಹಪ್ರವೇಶಕ್ಕೆ ಬರುವ ಬಂಧುಮಿತ್ರರಲ್ಲಿ ಸವಿನಯ ಪ್ರಾರ್ಥನೆ: ಗೋಡೆ ಗಡಿಯಾರಗಳು ಈಗಾಗಲೇ ಏಳಿವೆ. ದಯವಿಟ್ಟು ತಲಾ ಒಂದು ಪುಟ್ಟಿ ಕೊಟ್ಟಿಗೆ ಗೊಬ್ಬರ ತನ್ನಿ.